ಹನ್ನೆರಡು ಹೆಜ್ಜೆ

ತೋಡೂರಿನ ಮಾದುವಿಗೆ ಆದದ್ದು ಇದು. ಕೇಳಿದ ಮೇಲೆ ಹಿತ್ತಿಲ ಬಾಗಿಲು ಹಾಕಲು ಜೊತೆಗೆ ಬಾ ಎಂದರೆ ಯಾರೂ ಬರುವುದಿಲ್ಲ. ಈಗಲೇ ಹಾಕಿ ಬನ್ನಿ.

ರಾತ್ರಿ ಒಂಬತ್ತರ ಮೇಲೆ... ಮಾದು ಕಾರವಾರದಿಂದ ಬರುವ ಕೊನೆಯ ಬಸ್ಸಿನಿಂದ ಹೈವೇ ಬದಿಯಲ್ಲಿ ಇಳಿದ. ಹಿಂದೆ ತಿರುವಿನಲ್ಲಿ ಆಲದ ಮರ. ಎದುರಿಗೆ ಡಿವೈಡರ್, ಅದರಾಚೆ ಮನೆ. ಇಳಿದವ ಅವನೊಬ್ಬನೇ.

ಅವನ ಹೆಂಡತಿ ಕಾಮಿ ಸತ್ತದ್ದು ಅಲ್ಲೇ. ಕುತ್ತಿಗೆ ತುಂಬ ಮಣಿಸರ ಹಾಕಿಕೊಂಡು ಹೋಗಿ ಹರಿವೆ, ಬಸಳೆ ಮಾರಿ, ಖಾಲಿ ಬುಟ್ಟಿ ಹೊತ್ತು ಅದೇ ಬಸ್ಸಿನಲ್ಲಿ ಬರುತ್ತಿದ್ದಳು. ರಸ್ತೆ ದಾಟುವ ಲೆಕ್ಕ ಕಲಿಸಿದವ ಮಾದುವೇ. ಗಾಡಿಯ ಬೆಳಕು ಆಲದ ಮರಕ್ಕೆ ಬಿದ್ದ ಮೇಲೂ ಹನ್ನೆರಡು ಹೆಜ್ಜೆಯಷ್ಟು ಪುರಸೊತ್ತು ಉಂಟು. ಹನ್ನೆರಡನೆಯದಕ್ಕೆ ಡಿವೈಡರ್ ಸಿಗುತ್ತದೆ. ಎರಡು ವರ್ಷ ಆ ಲೆಕ್ಕ ತಪ್ಪಲಿಲ್ಲ.

ಆಮೇಲೆ ವೇಗದ ಮಿತಿ ಏರಿತು. ರಸ್ತೆ ಕಂಪನಿಯಲ್ಲಿ ಕೂಲಿಗಿದ್ದ ಮಾದುವೇ ಅರವತ್ತರ ಬೋರ್ಡು ಕಿತ್ತು ಎಂಬತ್ತರದ್ದು ನೆಟ್ಟ. ಅರವತ್ತು ಎಂದಾಗ ಎಂಬತ್ತರಲ್ಲಿ ಬರುತ್ತಿದ್ದ ಪುಣ್ಯಾತ್ಮರು ಎಂಬತ್ತು ಎಂದಮೇಲೆ ನೂರಕ್ಕೆ ಒತ್ತಿದರು. ಆ ವರ್ಷ ತಿರುವಿನಲ್ಲಿ ಮೊದಲು ಒಂದು ಬೈಕು, ಆಮೇಲೆ ಒಂದು ಕಾರು... ಆಮೇಲೆ ಕಾಮಿ. ಒಂಬತ್ತನೇ ಹೆಜ್ಜೆಗೆ. ಬೋರ್ಡು ಬದಲಾದರೆ ಹೆಜ್ಜೆಯ ಲೆಕ್ಕವೂ ಬದಲಾಗುತ್ತದೆಂದು ಮಾದುವಿಗೆ ಹೊಳೆದೇ ಇರಲಿಲ್ಲ.

ಅವನು ಅಳಲಿಲ್ಲ. ಕಾರ್ಯ ಮುಗಿಸಿ ಮರುದಿನ ಕೆಲಸಕ್ಕೆ ಹೋದ. ಉಂಡದ್ದು ಏನೆಂದು ನೆನಪಿರುತ್ತಿರಲಿಲ್ಲ, ಅಷ್ಟೇ.

ಬಳಿಕ ಅಲ್ಲಿಗೆ ಗಾಡಿಗಳ ವೇಗ ತೋರಿಸುವ ಕೆಂಪು ಅಂಕಿಯ ಬೋರ್ಡು ಬಂತು. ಸೈಟ್ ಆಫೀಸಿನ ಸುಜಯ ತಿಂಗಳಿಗೊಮ್ಮೆ ಅದರಲ್ಲಿ ದಾಖಲಾದ ವೇಗಗಳ ಪಟ್ಟಿ ತೆಗೆಯುತ್ತಾನೆ.

"ಮಾದಣ್ಣ, ಆ ಮಿಷನ್ ಹಾಳಾಗ್ಯದೆ ಮಾರಾಯ," ಎಂದ ಒಂದು ದಿನ. "ದಿನಾ ರಾತ್ರಿ ಕಡೇ ಬಸ್ಸು ಹೋದ ಕೂಡ್ಲೆ ನಾಲ್ಕು ಅಂತ ತೋರಿಸ್ತದೆ. ಅದಾಗಿ ಆರು ಸೆಕೆಂಡಿಗೆ ತೊಂಬತ್ತೆಂಟೋ ನೂರೋ. ನಾಲ್ಕು ಕಿಲೋಮೀಟರ್ ಸ್ಪೀಡಲ್ಲಿ ಯಾವ ಗಾಡಿ ಬರ್ತದೆ ಹೇಳು?"

ಮಾದುವಿಗೆ ಗೊತ್ತಾಯಿತು, ನಾಲ್ಕು ಎಂದರೆ ಕಾಲ್ನಡಿಗೆಯ ವೇಗ. ಆ ರಾತ್ರಿ ಅವನು ಕಡೆಯ ಬಸ್ಸಿಗೆ ಬಂದದ್ದು ಅದಕ್ಕೇ.

ಬಸ್ಸಿನ ಸದ್ದು ಅಡಗಿತು. ಬೋರ್ಡು ಕಪ್ಪಗಿತ್ತು...

ಚರ್... ಚರ್... ಕುತ್ತಿಗೆ ತುಂಬ ಹಾಕಿದ ಮಣಿಸರಗಳು ಒಂದಕ್ಕೊಂದು ಉಜ್ಜುವ ಸದ್ದು. ಅವನ ಮಗ್ಗುಲಲ್ಲೇ. ಬುಟ್ಟಿಯೊಳಗೆ ಸ್ಟೀಲ್ ಡಬ್ಬಿ ಟಣ್ ಎಂದಿತು.

ಆಲದ ಮರದ ಮೇಲೆ ಬೆಳಕು ಬಿತ್ತು.

ಬೋರ್ಡಿನಲ್ಲಿ ನಾಲ್ಕು.

"ಒಂದು..." ಉಸಿರಿನಷ್ಟೇ ದನಿ. "ಎರ್ಡು..."

ಮಾದು ಆ ದನಿಯ ಕಡೆ ಬಾಗಿದ. "ಕಾಮೀ... ದಾಟ್ಬೇಡ್ವೇ," ಎಂದು ಪಿಸುಗುಟ್ಟಿದ. "ಲೆಕ್ಕ ಬದಲಾಗ್ಯದೆ. ಗಾಡಿ ಜೋರು ಬತ್ತವೆ ಈಗ. ನಾನೇ ನಿಂಗೆ ಹೇಳೂಕೆ ಮರ್ತೆ... ತಪ್ಪು ನಂದು. ಅದು ಹೋಗ್ಲಿ. ಆಮೇಲೆ ದಾಟು."

"ಮೂರು..."

ಅಲ್ಲಿಗೇ ನಿಂತಿತು. ಬೋರ್ಡು ಆರಿತು. ಮೀನಿನ ಲಾರಿ ಭರ್ರನೆ ಹೋಯಿತು, ಗಾಳಿಗೆ ಮಾದುವಿನ ಪಂಚೆ ಕಾಲಿಗೆ ಸುತ್ತಿಕೊಂಡಿತು. ತೊಂಬತ್ತೆಂಟು.

ಬಹಳ ಹೊತ್ತು ಕಾದ. ಮತ್ತೇನೂ ಕೇಳಲಿಲ್ಲ. ಮನೆಗೆ ಹೋಗಿ ಗಂಜಿ ಉಂಡ. ಉಪ್ಪು ಕಡಿಮೆಯಾಗಿದೆ ಅನ್ನಿಸಿತು. ಆಗ ಅವನಿಗೆ ಅಳು ಬಂತು.

ಮಾರನೆ ದಿನದಿಂದ ಅವನು ಆರು ಗಂಟೆಯ ಬಸ್ಸಿಗೇ ಬರತೊಡಗಿದ. ಕಡೆಯ ಬಸ್ಸಿನಿಂದ ಈಗ ಆ ತಿರುವಿನಲ್ಲಿ ಯಾರೂ ಇಳಿಯುವುದಿಲ್ಲ.

ಸುಳ್ಳು ಅನ್ನುವವರು ಸುಜಯನನ್ನು ಕೇಳಿ. ಆಮೇಲಿನ ತಿಂಗಳ ಪಟ್ಟಿ ಅವನ ಮೇಜಿನಲ್ಲೇ ಉಂಟು. ಪ್ರತಿ ರಾತ್ರಿ ಮೊದಲು ತೊಂಬತ್ತೆಂಟು, ಇಲ್ಲವೇ ನೂರು, ನೂರೆರಡು. ಆ ಗಾಡಿ ಹೋದ ಮೇಲೆ... ನಾಲ್ಕು.