ಸೇವ್ ಆಗದ ಬಣ್ಣಗಳು

...ಅಳ್ಬೇಡ್ವೇ ಪುಟ್ಟಿ, ಕೀಬೋರ್ಡ್ ಮೇಲೆ ಕಣ್ಣೀರು ಬಿದ್ರೆ ಅದೂ ಕೆಡುತ್ತೆ! ಹೋಗಿದ್ದು ಹೋಯ್ತು. ಪ್ರೋಗ್ರಾಂ ಕೈಕೊಡ್ತು, ಅಷ್ಟೇ. ಅಣ್ಣ ಏನು ಮಾಡ್ಲಿ ಹೇಳು? ನೀನು ಮಗೂನ ನೋಡೋಕೆ ಶಾಲೆಗೆ ಅಂತ ಅತ್ಲಾಗೆ ಓಡಿದೆ, ಇತ್ಲಾಗೆ ಪರದೆ ಗರ ಬಡಿದ ಹಾಗೆ ನಿಂತ್ಬಿಡ್ತು. ಆಮೇಲೆ ನೋಡಿದ್ರೆ ಎಲ್ಲಾ ಮಾಯ!

ಏನು? ಶಾಲೆಯಿಂದ ಯಾರೂ ಫೋನೇ ಮಾಡಿಲ್ವಂತಾ? ಮಗು ಆಟ ಆಡ್ಕೊಂಡಿತ್ತಾ? ಒಳ್ಳೇದೇ ಆಯ್ತಲ್ಲ! ಫೋನಲ್ಲಿ ಯಾರೋ ಹೆಂಗಸು, ನಿಮ್ಮ ಮನೆ ಮಗು ಜಾರುಬಂಡೆಯಿಂದ ಬಿದ್ದಿದೆ ಅಂದ್ಲು. ಕೇಳಿದ್ದನ್ನ ಹೇಳ್ದೆ. ಸೋದರಮಾವ ಕಣೇ ನಾನು, ನಂಗೆ ಗಾಬರಿ ಆಗಲ್ವಾ?

ತಪ್ಪು ನಿಂದೇ. ಎಷ್ಟು ಸಲ ಬಡ್ಕೊಂಡಿದೀನಿ! ಕಂಪ್ಯೂಟರಲ್ಲಿ ಹಾಳೆ ತೆಗೆದ ತಕ್ಷಣ ಹೆಸರು ಕೊಟ್ಟು ಸೇವ್ ಮಾಡು ಅಂತ. ನಾಲ್ಕು ಸಾಲು ತುಂಬಿದ್ಯಾ, ಕಂಟ್ರೋಲ್ ಎಸ್ ಒತ್ತು. ಟೀ ಕುಡಿಯೋಕೆ ಎದ್ಯಾ, ಒತ್ತು. ಸೀನು ಬಂತಾ, ಒತ್ತು! ಒಂದು ಪ್ರತಿ ಪೆನ್ ಡ್ರೈವ್‌ಗೂ ಹಾಕಿಡು... ನೀನು? ಬೆಳಿಗ್ಗೆಯಿಂದ ನಮ್ಮ ಪೇಂಟ್ ಅಂಗಡಿಯ ಅಷ್ಟೂ ಬಣ್ಣದ ಮಿಶ್ರಣ ನಾನು ಬಾಯಲ್ಲಿ ಹೇಳ್ತಾ ಹೋದೆ, ನೀನು ಟೈಪ್ ಮಾಡ್ತಾ ಹೋದೆ. ಒಂದೇ ಒಂದ್ಸಲ ಸೇವ್ ಮಾಡಿದ್ಯಾ? ಹೆಸರೇ ಇಡದ ಹಾಳೆ! ಇದಕ್ಕೆ ಡಿಗ್ರಿ ಬೇರೆ ಕೇಡು!

ಏನಂದೆ? ತಾನಾಗೇ ಸೇವ್ ಆಗೋದನ್ನ ಆಫ್ ಮಾಡಿದ್ದು ನಾನಾ? ಹೌದು... ಮಾಡ್ದೆ. ಹಳೇ ಕಂಪ್ಯೂಟರ್ ಕಣೇ, ಏದುಸಿರು ಬಿಡ್ತಿತ್ತು. ನಿನ್ನ ಒಳ್ಳೇದಕ್ಕೇ ಮಾಡಿದ್ದು.

ಯಾಕೆ ನಗ್ತೀಯ? ನಗು, ನಗು. ಸಂಜೆ ಅಪ್ಪ ಬಂದಾಗಲೂ ಹೀಗೇ ನಗು. ಹಾಳೆ ಸಿದ್ಧ ಇದ್ರೆ ಅಂಗಡಿ ಪುಟ್ಟಿ ಕೈಗೆ ಅಂದಿದ್ರಲ್ಲ. ಗಂಡನ್ನ ಬಿಟ್ಟು ಬಂದೋಳು, ಮಗು ಸಾಕ್ಬೇಕು, ಪಾಪ... ಎಲ್ಲಾ ನಿಜ. ಈಗ ಏನ್ ತೋರಿಸ್ತೀಯ? ಈ ಖಾಲಿ ಚೌಕಗಳನ್ನಾ? ನೋಡಮ್ಮಾ, ಸುಣ್ಣ ಬಳಿದ ಗೋಡೆ ಹಾಗೆ ಹೇಗೆ ಬೆಳ್ಳಗಿದೆ! ನೀನೇನೂ ಬಾಯಿ ನೋಯಿಸ್ಕೋಬೇಡ. ಇವಳ ಕೈಲಿ ಆಗಲ್ಲ ಅಂತ ಅಪ್ಪಂಗೆ ನಾನೇ ಹೇಳ್ತೀನಿ.

ಅಲ್ಲ, ನಾನೇನು ಕೈಕಟ್ಟಿ ಕೂತಿರ್ಲಿಲ್ಲ! ಉಳಿಸೋಕೆ ಎಷ್ಟು ಪರದಾಡ್ದೆ ಗೊತ್ತಾ? ಕೊನೇಲಿ ಒಂದು ಪುಟ್ಟ ಚೌಕ ಎದ್ದು ಬಂತು, ಸೇವ್ ಮಾಡ್ಲಾ ಬೇಡ್ವಾ ಅಂತ ಕೇಳ್ತು. ಆ ಗಾಬರೀಲಿ ಬೆರಳು ಎಲ್ಲಿ ಬಿತ್ತೋ...

ಏನು? ಮತ್ತೆ ಹೇಳ್ಬೇಕಾ? ಕೇಳ್ತು ಅಂದೆ. ಸೇವ್ ಮಾಡ್ಲಾ, ಬೇ...

ಯಾಕೆ ಎದ್ದು ನಿಂತೆ?

ಪುಟ್ಟಿ? ಕಣ್ಣೊರೆಸ್ಕೊಂಡ್ಯಾ? ಹಾಗೆ ನೋಡ್ಬೇಡ. ಬೇಕಾದ್ರೆ ಬಾಯ್ತುಂಬ ಬೈಯಿ, ಹೀಗೆ ನೋಡ್ಬೇಡ... ಆಯ್ತು! ತಾನಾಗೇ ಕುಸಿದು ಬೀಳೋ ಪ್ರೋಗ್ರಾಂ ಯಾರನ್ನೂ ಏನೂ ಕೇಳಲ್ಲ. ನಾವಾಗಿ ಮುಚ್ಚಿದಾಗ ಮಾತ್ರ ಕೇಳುತ್ತೆ. ನಂಗೂ ಗೊತ್ತು. ಏನೀಗ?

ಇಷ್ಟು ವರ್ಷ ಗಿರಾಕಿ ಗೋಡೆಯಿಂದ ಕೆರೆದ ಒಂದು ಚೂರು ತಂದ್ರೆ ಸಾಕು, ಕಣ್ಣಲ್ಲೇ ಅಳೆದು ಅದೇ ಬಣ್ಣ ಕಲಸಿ ಕೊಟ್ಟೋನು ನಾನು. ಅದನ್ನೆಲ್ಲ ನಿನ್ನ ಹಾಳೆಗೆ ಇಳಿಸಿದ್ರೆ ನಿನ್ನೆ ಕೆಲಸಕ್ಕೆ ಸೇರಿದೋನೂ ಕಲಸ್ತಾನೆ! ಆಮೇಲೆ ನಾನ್ಯಾಕೆ ಈ ಅಂಗಡಿಗೆ? ಡಬ್ಬ ಹೊರೋಕಾ?

ಹೋಗು, ಅಪ್ಪಂಗೆ ಹೇಳ್ಕೋ. ಹೊಸ ಹಾಳೆ ತೆಗಿ. ಈ ಸಲ ಹೆಸರು ಕೊಡು, ಸೇವ್ ಮಾಡು, ಎಲ್ಲಾ ಮಾಡು. ಆದ್ರೆ ಅದರೊಳಗೆ ಏನ್ ತುಂಬ್ತೀಯ? ನಾನಂತೂ ಇನ್ಮೇಲೆ ಬಾಯಿ ಬಿಡಲ್ಲ.