ಬೇಲಿ ಸೊಪ್ಪಿನ ಬೆಲೆ

ಈ ಕಡೆ ಒಂದು ಎಮ್ಮೆಗರು, ಆ ಕಡೆ ಒಂದು ಹಿಡಿ ಸೊಪ್ಪು. ವ್ಯಾಪಾರ ಇಷ್ಟೇ. ಯಾರಿಗೆ ಲಾಭ? ನಡುವೆ ಬಾಯಿ ಹಾಕಬೇಡಿ, ಕೇಳಿ. ನಾನೂ ತಕ್ಕಡಿ ಹಿಡಿದು ಬದುಕಿದವನೇ.

ಯಾವುದೋ ಸೀಮೆ, ಯಾವುದೋ ಕಾಲ. ಅಲ್ಲೊಂದು ಕ್ರೈಸ್ತರ ಊರು. ಪಾದ್ರಿ ಸ್ವಾಮಿಗಳು ಬಾರದ ಭಾನುವಾರ ಜಪ ಹೇಳಿಸಿ, ಬುದ್ಧಿ ಹೇಳಲು ಅಲ್ಲೊಬ್ಬ ಉಪದೇಶಿ, ಜ್ಞಾನಪ್ಪ. ಬೆಳಗಾದರೆ ಮೊಣಕಾಲೂರಿ, "ಪ್ರಭುವೇ, ಜ್ಞಾನ ಕೊಡು" ಅನ್ನುತ್ತಿದ್ದ. ದೇವರು ಕೊಟ್ಟೂಬಿಟ್ಟ. ಎಳೆ ಜೋಳ ಮೇದು ಹೊಟ್ಟೆ ಉಬ್ಬಿದ ದನವನ್ನು ಉಳಿಸುವ ಸೊಪ್ಪು ಅವನೊಬ್ಬನಿಗೇ ಗೊತ್ತಿತ್ತು. ಕದ ಹಾಕಿಕೊಂಡು ಅರೆಯುತ್ತಿದ್ದ, ಕದ ತೆಗೆದು ಬೆಲೆ ಹೇಳುತ್ತಿದ್ದ.

ಚೌರಪ್ಪ ಓಡಿ ಬಂದ. "ಉಪದೇಶಿಗಳೇ, ಎತ್ತು ಬಿದ್ದಿದೆ! ಸೊಪ್ಪಿನ ಹೆಸರು ಹೇಳಿ, ನಾನೇ ಕಿತ್ತುಕೊಳ್ತೀನಿ."

"ದೇವರು ಕೊಟ್ಟದ್ದು ನನಗೆ, ನಿನಗಲ್ಲ ಕಣೋ. ಮನೆಯಲ್ಲಿರೋ ಹೋರಿಗರು ಹೊಡಕೊಂಡು ಬಾ."

ವಿಧವೆ ಆರೋಗ್ಯಮ್ಮ ಅಳುತ್ತ ಬಂದಳು. "ಇರೋದೊಂದೇ ಎಮ್ಮೆ, ನನ್ನಪ್ಪಾ. ಕರು ಇನ್ನೂ ಹಾಲು ಬಿಟ್ಟಿಲ್ಲ. ಹೆಸರು ಹೇಳು."

"ದೇವರು ಕೊಟ್ಟದ್ದು ನನಗೆ, ನಿನಗಲ್ಲವ್ವ. ಆ ಕರು ಕಟ್ಟಿ ಹೋಗು."

ಕಟ್ಟಿ ಹೋದಳು. ಎಮ್ಮೆ ಬದುಕಿತು. ಕರು ಒರಲುತ್ತ ನಿಂತಿತು.

ಕೊನೆಗೆ ಹೆಂಡತಿ ಲೂಸಮ್ಮನೂ ಕೇಳಿದಳು. "ನೀವು ಊರೂರು ತಿರುಗೋರು. ನನಗಾದರೂ ಹೇಳಿಡಿ."

"ದೇವರು ಕೊಟ್ಟದ್ದು ನನಗೆ, ನಿನಗಲ್ಲ. ನಿನಗೆ ಹೇಳೋದೂ ಒಂದೇ, ಬಾವಿಕಟ್ಟೆಗೆ ಹೇಳೋದೂ ಒಂದೇ!"

ಕೊಟ್ಟಿಗೆ ತುಂಬಿತು. ಆದರೆ ಹೊಸ ಹಗ್ಗ ತರಲು ಆಸಾಮಿಗೆ ಕೈ ಬರಲಿಲ್ಲ. ಇಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಒಂದು ದಿನ ಪಕ್ಕದೂರಿನ ಹಬ್ಬಕ್ಕೆ ಜ್ಞಾನಪ್ಪನ ಪ್ರಸಂಗ. ಯಜಮಾನ ಕೊಟ್ಟ ಬೆಳ್ಳಿಯನ್ನು ಮಣ್ಣಲ್ಲಿ ಹೂತಿಟ್ಟ ಆಳಿನ ಕಥೆ ಹೇಳಿದ. "ಕೊಟ್ಟವನು ಲೆಕ್ಕ ಕೇಳದೆ ಬಿಡುತ್ತಾನೆಯೇ?" ಎಂದು ಗುಡುಗಿದ. ಜನ ಅತ್ತರು. ತಾನೂ ಅತ್ತ. ಎಷ್ಟು ಚೆನ್ನಾಗಿ ಅತ್ತ ಅಂತೀರಿ!

ಇತ್ತ ಅದೇ ಹೊತ್ತಿಗೆ ಲಡ್ಡಾದ ಹಳೇ ಹಗ್ಗಗಳು ಪಟಪಟ ಹರಿದವು. ದನಗಳೆಲ್ಲ ಜೋಳದ ಹೊಲಕ್ಕೆ ನುಗ್ಗಿದವು. ಆರೋಗ್ಯಮ್ಮನ ಕರು ಮಾತ್ರ ತಾಯಿಯ ಕಡೆ ಓಡಿತು. ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆಗಳು ನಗಾರಿಯಾದವು.

ಲೂಸಮ್ಮ ಚೌರಪ್ಪನ ಬಾಗಿಲಿಗೆ ಓಡಿದಳು. "ಯಾವ ಸೊಪ್ಪೋ, ಅಣ್ಣಾ?"

"ದೇವರು ಕೊಟ್ಟದ್ದು ಅವನಿಗೆ, ನನಗಲ್ಲವಲ್ಲಮ್ಮ."

ಆರೋಗ್ಯಮ್ಮನ ಕಾಲು ಹಿಡಿದಳು. ಅವಳೂ ಕಣ್ಣೊರೆಸಿಕೊಂಡಳು. "ದೇವರು ಕೊಟ್ಟದ್ದು ಅವನಿಗೆ, ನನಗಲ್ಲ ತಾಯಿ. ಗೊತ್ತಿದ್ದರೆ ಅರೆದು ತರ್ತಿರಲಿಲ್ವಾ?"

ಸುಳ್ಳಲ್ಲ, ಹಗೆಯಲ್ಲ. ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಜ್ಞಾನಪ್ಪ ಹಾರ ಹಾಕಿಕೊಂಡು ಬಂದ. ದನಗಳು ಉಸಿರಿಲ್ಲದೆ ಕಾಲು ಚಾಚಿ ಮಲಗಿದ್ದವು. ಊರೆಲ್ಲ ಸೇರಿತ್ತು. ಅವನು ಬೇಲಿಗೆ ಹಾರಿ ಸೊಪ್ಪು ಕಿತ್ತು ಹೆಂಡತಿಯ ಮೂಗಿಗೆ ಹಿಡಿದ. "ಇದೇ ಕಣೇ! ಕೊಟ್ಟಿಗೆ ಬೇಲಿಯಲ್ಲೇ ಇತ್ತಲ್ಲೇ, ಮೂದೇವಿ!"

ಲೂಸಮ್ಮ ಸೊಪ್ಪನ್ನು ನೋಡಿದಳು, ಗಂಡನನ್ನು ನೋಡಿದಳು. "ದೇವರು ಕೊಟ್ಟದ್ದು ನಿಮಗೆ," ಅಂದಳು, "ನನಗಲ್ಲವಲ್ಲ."

ಊರೂ ಸೊಪ್ಪನ್ನು ನೋಡಿತು. ಎಲ್ಲರ ಮನೆ ಬೇಲಿಯಲ್ಲೂ ಇದ್ದ ಸೊಪ್ಪೇ ಅದು! ಹೆಸರು ಬೇಕಿದ್ದರೆ ಆ ಊರಿಗೇ ಹೋಗಿ ಕೇಳಿ, ಈಗ ಪುಕ್ಕಟೆ ಹೇಳುತ್ತಾರೆ.

ನನ್ನ ಕಥೆ ತೂಗಿದ್ದಾಯಿತು, ತಕ್ಕಡಿ ಇಳಿಸುತ್ತೇನೆ. ಲೆಕ್ಕ ಹೀಗಿದೆ: ಆರೋಗ್ಯಮ್ಮನಿಗೆ ಎಮ್ಮೆ ಒಂದು, ಕರು ಒಂದು. ಊರಿಗೆ ಸೊಪ್ಪು. ಜ್ಞಾನಪ್ಪನಿಗೆ ತೊಗಲು ಒಂಬತ್ತು, ಜ್ಞಾನ ಪೂರ್ತಿ.