ಬಸವನಹುಳು ನೆನೆದ ನೀರು

ಹನೋಯ್ ಬಸ್ಸಿಗೆ ಕಾಯುತ್ತಾ ನಾನು ಬಸವನಹುಳುವಿನ ಸಾರು ಹಾಕಿದ ಶಾವಿಗೆ ತಿನ್ನುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ತಾಯಿ, ಮಗಳು. ಫೋನ್ ಇಟ್ಟ ತಾಯಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಯಾರಮ್ಮ?"

"ನಿನ್ನ ಅತ್ತೆ ಆಗೋರು. ನಿನ್ನೆ ನಮ್ಮ ಹಿತ್ತಲಲ್ಲಿ ಅಕ್ಕಿ ತೊಳೆದ ನೀರಲ್ಲಿ ಮುಖ ತೊಳೆದ್ರಂತಲ್ಲ? ಕೆನ್ನೆ ಬೆಣ್ಣೆ ಥರ ಆಗಿದೆಯಂತೆ. ಅದಕ್ಕೆ ಏನು ಬೆರೆಸಿದ್ರಿ ಅಂತ ಕೇಳ್ತಾರೆ ಕಣೇ!"

"ನೀನೇನಂದೆ?"

"ಏನನ್ನಲಿ? ಅದು ಮುಖಕ್ಕೆ ಎತ್ತಿಟ್ಟಿದ್ದಲ್ಲ, ಬಸವನಹುಳ ನೆನೆಹಾಕಿದ್ದ ನೀರು! ರಾತ್ರಿಯೆಲ್ಲ ಅವು ಹೊಟ್ಟೇಲಿದ್ದ ಕೆಸರು, ಲೋಳೆ, ಹೇಲು ಎಲ್ಲಾ ಅದಕ್ಕೇ ಬಿಟ್ಟಿದ್ವು. ಹುಳ ಬೇಯೋಕಿಟ್ಟು ನೀರು ಚೆಲ್ಲೋದು ಮರೆತೆ. ಥೂ!"

"ಬಾಯಿಗೂ ಹಾಕ್ಕೊಂಡ್ರು."

"ಅಯ್ಯೋ, ಮುಕ್ಕಳಿಸಿದ್ರಾ?"

"ಗಳಗಳ ಅಂತ. ಕೂದಲಿಗೂ ಸವರ್ಕೊಂಡ್ರು."

ನಾನು ಬಟ್ಟಲು ಕೆಳಗಿಟ್ಟೆ.

"ವ್ಯಾಕ್! ಸಾಕು. ಆಮೇಲೆ ಅದೇ ಕೈಲಿ ನನ್ನ ಕೈ ಹಿಡ್ಕೊಂಡ್ರಲ್ಲೇ... ತಡಿ, ನೀನು ನೋಡ್ತಾ ನಿಂತಿದ್ಯಾ?"

"ಹೂಂ."

"ಬಾಯಿ ಬಿಡೋಕೇನಾಗಿತ್ತು? ಅವರಿಗೆ ಗೊತ್ತಾದ್ರೆ ಈ ಮದುವೆ ನಡೆಯುತ್ತಾ?"

"ಆಗತಾನೆ ನನ್ನ ಗಲ್ಲ ಹಿಡಿದು, 'ಹುಡುಗಿ ಕಪ್ಪು, ಮದುವೆ ಹೊತ್ತಿಗೆ ಏನಾದ್ರೂ ಹಚ್ಚಿ ಬೆಳ್ಳಗೆ ಮಾಡಿ' ಅಂದಿದ್ರು. ನೀನೂ ನಕ್ಕೆ."

ಅವರ ಬಸ್ಸು ಬಂತು. ಮಗಳು ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಾ ಹಿಂತಿರುಗಿ ನೋಡಿದಳು.

"ಟವಲ್ಲೂ ನಾನೇ ಕೊಟ್ಟೆ ಕಣಮ್ಮ."